ತೆರೆಯ ಮೇಲಣ ಗೋಷ್ಠಿ: ಸಾಹಿತ್ಯೋತ್ಸವಗಳ ಅಂತರ್ಜಾಲ ಉಪನ್ಯಾಸ ಮತ್ತು ಸಂವಾದಗಳನ್ನು ಕುರಿತು

ಸಾಹಿತ್ಯ ಚರಿತ್ರೆಯನ್ನು ಕೃತಿಗಳ ಚರಿತ್ರೆಯನ್ನಾಗಿ ಬರೆಯುವುದು ನಮ್ಮಲ್ಲಿ ರೂಢಿಗೊಂಡ ಕ್ರಮ. ಕೃತಿಗಳ ಸುತ್ತ ನಡೆದ ಮಾತಿಗೂ ಒಂದು ಚರಿತ್ರೆಯಿದೆ. ಯಾರು ಯಾರ ಎದುರಿನಲ್ಲಿ ಕುಳಿತು ಸಾಹಿತ್ಯವನ್ನು ಕುರಿತು ಮಾತನಾಡಿದರು, ಕೇಳಿದವರು ಯಾರು, ಒಪ್ಪದೆ ಎದ್ದುಹೋದವರು ಯಾರು ಎಂಬ ಆ ಚರಿತ್ರೆ ಬಹುಮಟ್ಟಿಗೆ ಆತ್ಮಕಥನಗಳಲ್ಲಿ, ಸ್ಮರಣ ಸಂಚಿಕೆಗಳಲ್ಲಿ, ಪತ್ರಿಕಾ ವರದಿಗಳಲ್ಲಿ ಚದುರಿಹೋಗಿದೆ. ಕೃತಿ ಉಳಿಯುವ ವಸ್ತು, ಗೋಷ್ಠಿ ನಡೆದು ಮುಗಿಯುವ ಸಂಗತಿ ಎಂಬ ತಿಳಿವಳಿಕೆಯೇ ಇದಕ್ಕೆ ಕಾರಣ. 2020ರಿಂದ ಈಚೆಗೆ ಈ ತಿಳಿವಳಿಕೆಯ ಬುಡ ಅಲುಗಿದೆ. ಕೋವಿಡ್ ಸಾಂಕ್ರಾಮಿಕದ ಆ ವರ್ಷ ಜನ ಸೇರುವುದೇ ನಿಷಿದ್ಧವಾದಾಗ ಜಗತ್ತಿನ ದೊಡ್ಡ ಸಾಹಿತ್ಯೋತ್ಸವಗಳು ಒಂದರ ಹಿಂದೊಂದು ಅಂತರ್ಜಾಲಕ್ಕೆ ಸರಿದವು. ವೇಲ್ಸ್‌ನ ಹೇ-ಆನ್-ವೈ ಎಂಬ ಪುಟ್ಟ ಊರಿನಲ್ಲಿ 1988ರಿಂದ ನಡೆದುಬಂದ ಉತ್ಸವ 2020ರ ಮೇ 18ರಿಂದ 31ರವರೆಗೆ ತೆರೆಯ ಮೇಲೆ ನಡೆಯಿತು. 1983ರಲ್ಲಿ ಆರಂಭಗೊಂಡ ಎಡಿನ್‌ಬರೋ ಪುಸ್ತಕೋತ್ಸವ ಅದೇ ವರ್ಷದ ಆಗಸ್ಟಿನಲ್ಲಿ ಇದೇ ದಾರಿ ಹಿಡಿಯಿತು. ಜೈಪುರ ಸಾಹಿತ್ಯೋತ್ಸವದವರು 2020ರ ಏಪ್ರಿಲಿನಲ್ಲಿಯೇ ‘ಬ್ರೇವ್ ನ್ಯೂ ವರ್ಲ್ಡ್’ ಎಂಬ ಅಂತರ್ಜಾಲ ಸಂವಾದ ಮಾಲೆಯನ್ನು ಪ್ರಾರಂಭಿಸಿ, 2021ರ ಫೆಬ್ರುವರಿಯ ಇಡೀ ಉತ್ಸವವನ್ನು ಅದೇ ಮಾಧ್ಯಮದಲ್ಲಿ ನಡೆಸಿದರು. ಪರಿಣಾಮವಾಗಿ, ಹಿಂದೆಂದೂ ಇಲ್ಲದ ಪ್ರಮಾಣದಲ್ಲಿ ಲೇಖಕರ ಮಾತು ದಾಖಲೆಯಾಗಿ ಸಂಶೋಧಕರ ಮುಂದೆ ಬಂದು ನಿಂತಿದೆ.

ಈ ದಾಖಲೆಯ ಸ್ವರೂಪವೇನು ಎಂಬ ಪ್ರಶ್ನೆಯನ್ನು ಸಾಹಿತ್ಯ ವಿಮರ್ಶೆ ಗಂಭೀರವಾಗಿ ಕೈಗೆತ್ತಿಕೊಂಡಂತಿಲ್ಲ. ಅಂತರ್ಜಾಲದ ಗೋಷ್ಠಿಯನ್ನು ಆಪತ್ಕಾಲದ ಒಂದು ಅನುಕೂಲವೆಂದು ಮೆಚ್ಚುವುದು, ಇಲ್ಲವೆ ನೇರ ಭೇಟಿಯ ಸುಖವಿಲ್ಲದ ಸಪ್ಪೆ ಪರ್ಯಾಯವೆಂದು ತಳ್ಳಿಹಾಕುವುದು, ಇವೆರಡೇ ನಿಲುವುಗಳು ಸಾಮಾನ್ಯವಾಗಿ ಕಾಣಸಿಗುತ್ತವೆ. ಎರಡೂ ಮಾಧ್ಯಮವನ್ನು ಕುರಿತ ಅಭಿರುಚಿಯ ಮಾತುಗಳೇ ಹೊರತು ರೂಪವನ್ನು ಕುರಿತ ವಿವೇಚನೆಗಳಲ್ಲ. ಪ್ರಸ್ತುತ ಲೇಖನದ ಪ್ರತಿಪಾದನೆಯಿಷ್ಟು: ತೆರೆಗೆ ಸರಿದ ಗೋಷ್ಠಿ ಮಾತನ್ನು ಉಳಿಸಿಕೊಂಡಿತು, ಸಭೆಯನ್ನು ಕಳೆದುಕೊಂಡಿತು. ಈ ನಷ್ಟ ಭಾವನೆಗೆ ಸಂಬಂಧಿಸಿದ್ದಲ್ಲ, ಮಾತಿನ ಅರ್ಥಕ್ಕೇ ಸಂಬಂಧಿಸಿದ್ದು. ಇದನ್ನು ಗಮನಿಸದೆ ಈ ದಾಖಲೆಗಳನ್ನು ಆಕರಗಳಾಗಿ ಬಳಸುವ ಸಂಶೋಧನೆ ದಾರಿ ತಪ್ಪುವ ಸಂಭವವಿದೆ.

ಸಭೆಗೂ ಮಾತಿಗೂ ಇರುವ ಈ ಅಂತರ 2020ಕ್ಕಿಂತ ಎಂಟು ವರ್ಷ ಮೊದಲೇ ಜೈಪುರದಲ್ಲಿ ಒಂದು ವಿಲಕ್ಷಣ ಪ್ರಸಂಗದ ಮೂಲಕ ಬಯಲಾಗಿತ್ತು. 2012ರ ಜನವರಿ 20ರಿಂದ 24ರವರೆಗೆ ಡಿಗ್ಗಿ ಅರಮನೆಯ ಆವರಣದಲ್ಲಿ ನಡೆದ ಉತ್ಸವಕ್ಕೆ ಸಲ್ಮಾನ್ ರಶ್ದಿ ಬರಬೇಕಾಗಿತ್ತು. ವಿರೋಧ ವ್ಯಕ್ತವಾಯಿತು, ಜೀವಬೆದರಿಕೆಯ ಸೂಚನೆಗಳಿವೆಯೆಂದು ತಿಳಿಸಲಾಯಿತು, ಅವರು ಪ್ರವಾಸವನ್ನು ಕೈಬಿಟ್ಟರು. ಆ ಬೆದರಿಕೆಯ ಸುದ್ದಿಯೇ ನಿಜವಾಗಿತ್ತೆ ಎಂಬ ಬಗ್ಗೆ ಆಮೇಲೆ ಸ್ವತಃ ರಶ್ದಿಯವರೇ ಬಹಿರಂಗವಾಗಿ ಸಂಶಯ ವ್ಯಕ್ತಪಡಿಸಿದರು. ಉತ್ಸವದ ಮೊದಲ ದಿನ ಹರಿ ಕುಂಜ್ರು, ಅಮಿತಾವ ಕುಮಾರ್, ಜೀತ್ ಥಾಯಿಲ್, ರುಚಿರ್ ಜೋಶಿ ಅವರು ‘ದಿ ಸಟಾನಿಕ್ ವರ್ಸಸ್’ ಕಾದಂಬರಿಯ ಭಾಗಗಳನ್ನು ವೇದಿಕೆಯಿಂದ ಓದಿ ವಿವಾದಕ್ಕೆ ಸಿಲುಕಿದರು. ಕೊನೆಯ ದಿನ ರಶ್ದಿ ವಿಡಿಯೋ ಸಂಪರ್ಕದ ಮೂಲಕ ಸಭಿಕರನ್ನು ಉದ್ದೇಶಿಸಿ ಮಾತನಾಡುವರೆಂದು ಗೊತ್ತಾಗಿತ್ತು. ಅದೂ ನಡೆಯಲಿಲ್ಲ. ಹಿಂಸಾಚಾರದ ಭಯವಿರುವುದರಿಂದ ತಮ್ಮ ಆವರಣದಲ್ಲಿ ಈ ಪ್ರಸಾರಕ್ಕೆ ಅವಕಾಶ ಕೊಡಲಾಗದೆಂದು ಅರಮನೆಯ ಒಡೆಯರು ವೇದಿಕೆಯಿಂದಲೇ ಘೋಷಿಸಿದರು. ಅದೇ ದಿನ ರಶ್ದಿಯವರ ಸಂದರ್ಶನ ಖಾಸಗಿ ದೂರದರ್ಶನ ವಾಹಿನಿಯೊಂದರಲ್ಲಿ ದೇಶದಾದ್ಯಂತ ಪ್ರಸಾರವಾಯಿತು.

ಈ ಕೊನೆಯ ಸಂಗತಿಯ ಮಹತ್ವವನ್ನು ಅಂದಿನ ಚರ್ಚೆಗಳು ಅಷ್ಟಾಗಿ ಗುರುತಿಸಲಿಲ್ಲ. ಅಭಿವ್ಯಕ್ತಿ ಸ್ವಾತಂತ್ರ್ಯದ ಪ್ರಶ್ನೆಯಾಗಿ ಮಾತ್ರ ನೋಡಿದವರಿಗೆ ಲೇಖಕನ ಬಾಯಿ ಕಟ್ಟಲಾಯಿತೆಂಬುದು ಮುಖ್ಯವಾಗಿ ಕಂಡಿತು. ವಾಸ್ತವದಲ್ಲಿ ಅವರ ಬಾಯಿ ಕಟ್ಟಿರಲಿಲ್ಲ. ಲಕ್ಷಾಂತರ ಮನೆಗಳಲ್ಲಿ ಅವರ ಮಾತು ಕೇಳಿಸಿತು. ಕೇಳಿಸದೇ ಉಳಿದದ್ದು ಒಂದು ಹುಲ್ಲುಹಾಸಿನ ಮೇಲೆ ಒಟ್ಟಿಗೆ ಕುಳಿತ ಕೆಲವು ಸಾವಿರ ಜನರಿಗೆ. ವಿರೋಧಿಸಿದವರ ಕಣ್ಣಿಗೂ, ಕೈಚೆಲ್ಲಿದ ಆಡಳಿತದ ಕಣ್ಣಿಗೂ ಅಪಾಯಕಾರಿಯಾಗಿ ಕಂಡದ್ದು ಮಾತಲ್ಲ, ಶರೀರವೂ ಅಲ್ಲ, ಶರೀರ ಲಂಡನ್ನಿನಲ್ಲಿತ್ತು. ಒಂದು ಸ್ಥಳದಲ್ಲಿ ಕೂಡಿದವರು ಆ ಮಾತನ್ನು ಒಟ್ಟಿಗೆ ಕೇಳುವರೆಂಬುದೇ ಅವರಿಗೆ ಸಹಿಸಲಾಗದ ಸಂಗತಿಯಾಗಿತ್ತು. ಮನೆಯಲ್ಲಿ ಒಬ್ಬೊಬ್ಬರಾಗಿ ಕೇಳುವವರನ್ನು ಯಾರೂ ತಡೆಯಲು ಹೋಗಲಿಲ್ಲ. ತೆರೆಯ ಮೇಲಿನ ಲೇಖಕನೊಬ್ಬ ಎದುರಿನಲ್ಲಿ ಸಭೆಯಿದ್ದರೆ ಒಂದು ಬಗೆಯ ಶಕ್ತಿ, ಸಭೆಯಿಲ್ಲದಿದ್ದರೆ ಇನ್ನೊಂದು ಬಗೆಯ ಶಕ್ತಿ ಎಂಬುದನ್ನು ಸಿದ್ಧಾಂತಿಗಳಿಗಿಂತ ಮೊದಲೇ ನಿಷೇಧಕಾರರು ಅರಿತಿದ್ದರು.

2020-21ರಲ್ಲಿ ಅದೇ ಉತ್ಸವದ ಎಲ್ಲ ಲೇಖಕರೂ ತೆರೆಯ ಮೇಲಿನ ಲೇಖಕರಾದರು. ಈ ಬಾರಿ ಇಲ್ಲದೇ ಹೋದದ್ದು ಅಂಗಳ.

ಮುಂದಿನ ವರ್ಷದ ಪ್ರಸಂಗ ಇನ್ನೊಂದು ಮುಖವನ್ನು ತೋರಿಸುತ್ತದೆ. 2013ರ ಜನವರಿಯಲ್ಲಿ ಇದೇ ಜೈಪುರದ ಸಂವಾದವೊಂದರಲ್ಲಿ ಸಮಾಜಚಿಂತಕ ಆಶಿಶ್ ನಂದಿ ಭ್ರಷ್ಟಾಚಾರವನ್ನೂ ಹಿಂದುಳಿದ ಮತ್ತು ಪರಿಶಿಷ್ಟ ಸಮುದಾಯಗಳನ್ನೂ ಕುರಿತು ಆಡಿದ ಮಾತು ಉಗ್ರ ಪ್ರತಿಭಟನೆಗೆ ಕಾರಣವಾಯಿತು. ಅವರ ಮೇಲೆ ಮೊಕದ್ದಮೆ ದಾಖಲಾಗಿ, ಬಂಧನಕ್ಕೆ ಸರ್ವೋಚ್ಚ ನ್ಯಾಯಾಲಯ ಫೆಬ್ರುವರಿ 1ರಂದು ತಡೆ ನೀಡಿತು. ಆ ಮಾತಿನಿಂದ ನೊಂದವರ ಆಕ್ಷೇಪ ಹಗುರವಾದುದಲ್ಲ. ಮಾತಿನ ವ್ಯಂಗ್ಯ ಮಾತನಾಡುವವನ ಮನಸ್ಸಿನಲ್ಲಿದ್ದರೆ ಸಾಲದು ಎಂಬ ಟೀಕೆಗೆ ಬಲವಾದ ಆಧಾರವಿದೆ. ಇಲ್ಲಿ ಪ್ರಸ್ತುತವಾದುದು ಮಾತಿನ ಸರಿತಪ್ಪುಗಳ ವಿಚಾರವಲ್ಲ, ಅದು ಸಂಚರಿಸಿದ ರೀತಿ. ನಂದಿಯವರ ಮಾತು ಅದೇ ವೇದಿಕೆಯಲ್ಲಿ ಅದಕ್ಕೆ ಮೊದಲು ಇನ್ನೊಬ್ಬರಾಡಿದ ಮಾತಿಗೆ ಜೋಡಿಸಿದ ಮಾತಾಗಿತ್ತು. ಹೊರಜಗತ್ತಿಗೆ ತಲುಪಿದ್ದು ಆ ಜೋಡಣೆಯಲ್ಲ, ಕೆಲವು ಸೆಕೆಂಡುಗಳ ತುಣುಕು. ಸಂವಾದದೊಳಗಿನ ಉತ್ತರವೊಂದು ತುಣುಕಾದೊಡನೆ ಸ್ವತಂತ್ರ ಹೇಳಿಕೆಯಾಗಿಬಿಟ್ಟಿತು. ಸಭೆಯಲ್ಲಿದ್ದವರು ಕೇಳಿದ್ದು ಮಾತುಕತೆಯ ಒಂದು ತಿರುವನ್ನು, ಹೊರಗಿನವರು ಕೇಳಿದ್ದು ಒಂದು ತೀರ್ಪನ್ನು. ಆ ಬಳಿಕದ ವರ್ಷಗಳಲ್ಲಿ ವೇದಿಕೆ ಏರುವ ಯಾವ ಲೇಖಕನಿಗೂ ತಾನು ಏಕಕಾಲದಲ್ಲಿ ಇಬ್ಬರೊಡನೆ, ಎದುರಿಗಿರುವವರೊಡನೆ ಮತ್ತು ಮುದ್ರಣ ಯಂತ್ರದೊಡನೆ, ಮಾತನಾಡುತ್ತಿದ್ದೇನೆಂಬ ಎಚ್ಚರ ತಪ್ಪಲಿಲ್ಲ. 2020ರಲ್ಲಿ ಎದುರಿಗಿರುವವರು ಮಾಯವಾದರು, ಯಂತ್ರವೊಂದೇ ಉಳಿಯಿತು. ಅಂತರ್ಜಾಲ ಸಂವಾದಗಳ ಎದ್ದುಕಾಣುವ ಗುಣವಾದ ವಿನಯಕ್ಕೆ ಮೂಲ ಇಲ್ಲಿದೆ. ಅಲ್ಲಿ ಎಲ್ಲರೂ ಎಲ್ಲರನ್ನೂ ಮೆಚ್ಚಿಕೊಳ್ಳುತ್ತಾರೆ. ಒಬ್ಬರು ಮುಗಿಸುವ ತನಕ ಇನ್ನೊಬ್ಬರು ಕಾಯುತ್ತಾರೆ. ಇಬ್ಬರು ಒಮ್ಮೆಗೇ ಮಾತನಾಡಿದರೆ ಯಾರದೂ ಕೇಳಿಸದೆಂಬ ತಾಂತ್ರಿಕ ಅನಿವಾರ್ಯತೆ ಒಂದು ಶಿಷ್ಟಾಚಾರವಾಗಿ ಬೆಳೆದಿದೆ.

ಇದಕ್ಕೆ ತದ್ವಿರುದ್ಧವಾದ ಮಾದರಿಯೊಂದು ಎಡಿನ್‌ಬರೋ ನಗರದ ಚರಿತ್ರೆಯಲ್ಲಿಯೇ ಇದೆ. ಪುಸ್ತಕೋತ್ಸವ ಹುಟ್ಟುವುದಕ್ಕೆ ಎರಡು ದಶಕಗಳ ಹಿಂದೆ, 1962ರ ಆಗಸ್ಟಿನಲ್ಲಿ, ಪ್ರಕಾಶಕ ಜಾನ್ ಕಾಲ್ಡರ್ ಮೊದಲಾದವರು ಅಲ್ಲಿನ ಮೆಕ್‌ಯೂಅನ್ ಸಭಾಂಗಣದಲ್ಲಿ ಐದು ದಿನಗಳ ಅಂತಾರಾಷ್ಟ್ರೀಯ ಲೇಖಕರ ಸಮ್ಮೇಳನ ನಡೆಸಿದರು. ನಾರ್ಮನ್ ಮೇಲರ್, ಮೇರಿ ಮೆಕಾರ್ಥಿ, ಹೆನ್ರಿ ಮಿಲ್ಲರ್, ವಿಲಿಯಂ ಬರೋಸ್, ಮ್ಯೂರಿಯಲ್ ಸ್ಪಾರ್ಕ್ ಅವರೊಡನೆ ಭಾರತದಿಂದ ಖುಷ್ವಂತ್ ಸಿಂಗ್ ಭಾಗವಹಿಸಿದ್ದರು. ಸ್ಕಾಟ್ಲೆಂಡಿನ ಬರವಣಿಗೆಗೆ ಮೀಸಲಾದ ಎರಡನೆಯ ದಿನ ಹಿರಿಯ ಕವಿ ಹ್ಯೂ ಮೆಕ್‌ಡಿಯರ್ಮಿಡ್ ಮತ್ತು ತರುಣ ಕಾದಂಬರಿಕಾರ ಅಲೆಕ್ಸಾಂಡರ್ ಟ್ರೋಕಿ ಇವರ ನಡುವೆ ನಡೆದ ಜಗಳ ಸ್ಕಾಟ್ ಸಾಹಿತ್ಯ ಚರಿತ್ರೆಯ ಒಂದು ಅಧ್ಯಾಯವಾಗಿದೆ. ನಾಡಿನ ಭಾಷೆಯಲ್ಲಿ ಬೇರುಬಿಟ್ಟ ಕಾವ್ಯವೋ, ಗಡಿಗಳನ್ನು ತೊರೆದ ಜಾಗತಿಕ ಬರವಣಿಗೆಯೋ ಎಂಬುದು ಅದರ ವಸ್ತು. ಕನ್ನಡದ ಓದುಗರಿಗೆ ಈ ಜಗಳ ಅಪರಿಚಿತವಲ್ಲ. ನವೋದಯ-ನವ್ಯಗಳ ಸಂಧಿಕಾಲದಲ್ಲಿಯೂ, ಆಮೇಲೆ ದೇಸೀಯತೆಯ ಚರ್ಚೆಗಳಲ್ಲಿಯೂ ಇಂಥದೇ ಪ್ರಶ್ನೆ ಬೇರೆ ವೇಷಗಳಲ್ಲಿ ಬಂದುಹೋಗಿದೆ.

ಆ ಸಮ್ಮೇಳನದ ಮಾತುಗಳ ಲಿಖಿತ ದಾಖಲೆ ಉಳಿದುಬಂದಿತು. ಸರಿಯಾಗಿ ಐವತ್ತು ವರ್ಷಗಳ ಅನಂತರ, 2012ರಲ್ಲಿ, ಏಂಜೆಲಾ ಬಾರ್ಟಿ ಮತ್ತು ಎಲಿನರ್ ಬೆಲ್ ಅದನ್ನು ಸಂಪಾದಿಸಿ ಪುಸ್ತಕವಾಗಿ ಹೊರತಂದರು. ಅದೇ ವರ್ಷ ಪುಸ್ತಕೋತ್ಸವದವರು ಅದೇ ಐದು ವಿಷಯಗಳನ್ನು ತುಸು ಮಾರ್ಪಡಿಸಿ ಎಡಿನ್‌ಬರೋ ವಿಶ್ವ ಲೇಖಕರ ಸಮ್ಮೇಳನವೆಂಬ ಹೆಸರಿನಲ್ಲಿ ಮತ್ತೆ ಚರ್ಚೆಗಿಟ್ಟರು. ಸಾಹಿತ್ಯ ರಾಜಕೀಯವಾಗಿರಬೇಕೆ ಎಂಬುದನ್ನು ಕುರಿತು ಅಹ್ದಾಫ್ ಸುವೈಫ್, ರಾಷ್ಟ್ರೀಯ ಸಾಹಿತ್ಯವೆಂಬ ಕಲ್ಪನೆಯನ್ನು ಕುರಿತು ಅರ್ವಿನ್ ವೆಲ್ಶ್, ಕಾದಂಬರಿಯ ಭವಿಷ್ಯವನ್ನು ಕುರಿತು ಚೈನಾ ಮಿಯೆವಿಲ್ ಮಾತನಾಡಿದರು. ಗೋಷ್ಠಿಗಳು ಅಂತರ್ಜಾಲದಲ್ಲಿ ನೇರವಾಗಿ ಪ್ರಸಾರವಾದವು. ಸಮ್ಮೇಳನ ಹಲವು ದೇಶಗಳಲ್ಲಿ ಮುಂದುವರಿದು 2013ರ ಜನವರಿಯಲ್ಲಿ ಜೈಪುರಕ್ಕೂ ಬಂತು. ಸಾಂಕ್ರಾಮಿಕಕ್ಕೆ ಬಹಳ ಮೊದಲು, ಅಂತರ್ಜಾಲವನ್ನು ಸಭೆಯ ಬದಲಿಗೆ ಬಳಸದೆ ಸಭೆಯ ವಿಸ್ತರಣೆಯಾಗಿ ಬಳಸಿದ ಪ್ರಯೋಗವಿದು. ಮೊದಲು ಒಬ್ಬ ಲೇಖಕನ ಸಿದ್ಧಪಡಿಸಿದ ಪ್ರಬಂಧ, ಅನಂತರ ಅದರ ಮೇಲೆ ಇತರ ಲೇಖಕರ ಮತ್ತು ಸಭಿಕರ ಬಿಚ್ಚು ಚರ್ಚೆ ಎಂಬ ಹಳೆಯ ಕ್ರಮವನ್ನೇ ಅವರು ಉಳಿಸಿಕೊಂಡದ್ದು ವಿವೇಕದ ಕೆಲಸ. ಲೇಖಕನ ಹೊಸ ಪುಸ್ತಕವನ್ನು ಪರಿಚಯಿಸುವ ಇಂದಿನ ಉತ್ಸವ ಗೋಷ್ಠಿಗಳಲ್ಲಿ ಇಂಥ ಕ್ರಮ ಅಪರೂಪ. ಅಲ್ಲಿ ಚರ್ಚೆಗೆ ವಸ್ತುವಿರುವುದಿಲ್ಲ, ಸರಕು ಇರುತ್ತದೆ. ಈ ದೋಷಕ್ಕೆ ಅಂತರ್ಜಾಲವನ್ನು ಹೊಣೆಯಾಗಿಸುವುದು ನ್ಯಾಯವಲ್ಲ.

1962ರ ಗ್ರಂಥಪಾಠವನ್ನು 2020ರ ಯಾವುದೇ ಧ್ವನಿಚಿತ್ರದ ಪಕ್ಕದಲ್ಲಿಟ್ಟರೆ ಒಂದು ವಿಪರ್ಯಾಸ ಕಾಣುತ್ತದೆ. ಮೊದಲನೆಯದರಲ್ಲಿ ಮುಖಗಳಿಲ್ಲ, ದನಿಯ ಏರಿಳಿತಗಳಿಲ್ಲ; ಇದ್ದೂ ಓದುಗನಿಗೆ ಸಭೆ ಕಣ್ಣಿಗೆ ಕಟ್ಟುತ್ತದೆ. ಎರಡನೆಯದರಲ್ಲಿ ಮುಖವಿದೆ, ದನಿಯಿದೆ, ಲೇಖಕನ ಬೆನ್ನಹಿಂದಿನ ಪುಸ್ತಕದ ಕಪಾಟೂ ಇದೆ, ಸಭೆಯ ಸುಳಿವಿಲ್ಲ. ಅಂತರ್ಜಾಲ ಗೋಷ್ಠಿಯಲ್ಲಿ ಕೇಳುಗನು ಪ್ರಶ್ನೆಯನ್ನು ಬರೆದು ಕಳುಹಿಸುತ್ತಾನೆ. ನಿರ್ವಾಹಕರು ಬಂದ ಪ್ರಶ್ನೆಗಳಲ್ಲಿ ಕೆಲವನ್ನು ಆರಿಸಿ, ಹಲವು ವೇಳೆ ಎರಡು ಮೂರನ್ನು ಕೂಡಿಸಿ, ತಮ್ಮ ನುಡಿಯಲ್ಲಿ ಓದಿ ಹೇಳುತ್ತಾರೆ. ಪ್ರಶ್ನೆಯ ಹಿಂದಿನ ದನಿ, ಅದರ ನಡುಕ ಅಥವಾ ಸೊಕ್ಕು, ಪ್ರಶ್ನೆಗೆ ಸುತ್ತಲಿನವರು ತಲೆದೂಗಿದರೋ ಮುಖ ತಿರುಗಿಸಿದರೋ ಎಂಬುದು ಲೇಖಕನಿಗೂ ತಿಳಿಯದು, ಇತರ ಕೇಳುಗರಿಗೂ ತಿಳಿಯದು. ನಿರ್ವಾಹಕರು ಬೇಡವೆಂದು ಬಿಟ್ಟ ಪ್ರಶ್ನೆ ಕೇಳಲ್ಪಡಲೇ ಇಲ್ಲ. ಸಭಾಂಗಣದಲ್ಲಿ ಧ್ವನಿವರ್ಧಕ ಕಸಿದುಕೊಂಡರೂ ಎದ್ದುನಿಂತವನನ್ನು ಎಲ್ಲರೂ ನೋಡಿರುತ್ತಾರೆ. ಆತನನ್ನು ಕೂರಿಸಿದ್ದೂ ಒಂದು ಘಟನೆಯೇ. ತೆರೆಯ ಮೇಲೆ ಕೂರಿಸುವ ಅಗತ್ಯವೇ ಬೀಳುವುದಿಲ್ಲ.

ಕರಾವಳಿಯ ತಾಳಮದ್ದಳೆಯನ್ನು ಬಲ್ಲವರಿಗೆ ಈ ವ್ಯತ್ಯಾಸ ಬೇಗ ಹೊಳೆಯುತ್ತದೆ. ಅಲ್ಲಿ ವೇಷವಿಲ್ಲ, ಕುಣಿತವಿಲ್ಲ. ಕುಳಿತು ಆಡುವ ಮಾತೇ ಸರ್ವಸ್ವ. ಆ ಲೆಕ್ಕದಲ್ಲಿ ತೆರೆಗೆ ಇಷ್ಟು ಸುಲಭವಾಗಿ ಒಗ್ಗಬಹುದಾದ ಕಲೆ ಇನ್ನೊಂದಿಲ್ಲ. ಅರ್ಥಧಾರಿಯ ವಾದ ಹೊರಳುವುದಾದರೋ ಎದುರಾಳಿಯ ಮಾತಿನಿಂದ ಮಾತ್ರವಲ್ಲ, ಕೇಳುವವರ ಗುಂಪಿನಲ್ಲಿ ಎದ್ದ ಒಂದು ನಗೆಯಿಂದ, ಒಂದು ನಿಟ್ಟುಸಿರಿನಿಂದ, ಕೆಲವೊಮ್ಮೆ ಕವಿದ ಮೌನದಿಂದ. ತನ್ನ ಮಾತು ನಾಟಿತೆಂದು ತಿಳಿದ ಅರ್ಥಧಾರಿ ಒಂದು ಹೆಜ್ಜೆ ಮುಂದಿಡುತ್ತಾನೆ, ನಾಟದಿದ್ದರೆ ದಾರಿ ಬದಲಿಸುತ್ತಾನೆ. ಮಾತಿನ ರಚನೆಯಲ್ಲಿ ಕೇಳುಗನಿಗೆ ಇರುವ ಈ ಪಾಲು ಅಲಂಕಾರವಲ್ಲ, ಅಂಗ. ಸಾಹಿತ್ಯಗೋಷ್ಠಿಯಲ್ಲಿಯೂ ಈ ಪಾಲು ಕಡಿಮೆ ಪ್ರಮಾಣದಲ್ಲಾದರೂ ಇದ್ದೇ ಇರುತ್ತದೆ. ಅಂತರ್ಜಾಲದ ಲೇಖಕ ತನ್ನದೇ ಮುಖವನ್ನು ತೆರೆಯ ಮೂಲೆಯಲ್ಲಿ ನೋಡಿಕೊಳ್ಳುತ್ತ ಮಾತನಾಡುತ್ತಾನೆ.

ಕನ್ನಡ ಭಾಷೆ ಈ ಪಾತ್ರಗಳಿಗೆ ಬೇರೆ ಬೇರೆ ಹೆಸರುಗಳನ್ನೇ ಇಟ್ಟುಕೊಂಡಿದೆ. ಸಭಿಕನೆಂದರೆ ಸಭೆಗೆ ಸೇರಿದವನು. ಅವನಿಗೆ ಕೇಳುವ ಹಕ್ಕಿನೊಡನೆ ಕೂಡಿದ ಹೊಣೆಯಿದೆ. ಶ್ರೋತೃ ಕೇಳುವವನು, ಪ್ರೇಕ್ಷಕ ನೋಡುವವನು. ಅಂತರ್ಜಾಲ ಗೋಷ್ಠಿಗಳ ಯಶಸ್ಸನ್ನು ಅಳೆಯುವ ಲೆಕ್ಕದಲ್ಲಿ ಇವರಾರೂ ಇಲ್ಲ, ಇರುವುದು ವೀಕ್ಷಣೆಗಳ ಸಂಖ್ಯೆ. ಆ ಸಂಖ್ಯೆ ಎಷ್ಟು ಮಂದಿ ಎಂಬುದನ್ನಲ್ಲ, ಎಷ್ಟು ಸಲ ತೆರೆಯಲಾಯಿತು ಎಂಬುದನ್ನು ಹೇಳುತ್ತದೆ. ಪೂರ್ತಿ ಕೇಳಿದವನೂ ಅರೆಗಳಿಗೆ ಇಣುಕಿದವನೂ ಅದರಲ್ಲಿ ಸಮಾನರು. ಇಂಥ ಅಂಕಿಗಳನ್ನು ಸಾಹಿತ್ಯದ ಸ್ವೀಕೃತಿಗೆ ಪ್ರಮಾಣವೆಂದು ಉಲ್ಲೇಖಿಸುವ ಪರಿಪಾಠ ಸಂಶೋಧನ ಪ್ರಬಂಧಗಳಿಗೂ ಬಂದರೆ ಅದು ಅನಾಹುತಕಾರಿ.

ಹಾಗೆಂದು ಲಾಭದ ಪಕ್ಕವನ್ನು ಮರೆಯಲಾಗದು. ಪ್ರಯಾಣದ ವೆಚ್ಚ, ವೀಸಾ, ವೃದ್ಧಾಪ್ಯ, ಅಂಗವೈಕಲ್ಯ, ಇಂಥ ಕಾರಣಗಳಿಂದ ಯಾವ ಉತ್ಸವದ ಬಾಗಿಲನ್ನೂ ತುಳಿಯಲಾಗದವರಿಗೆ 2020ರ ವರ್ಷ ಅನಿರೀಕ್ಷಿತವಾಗಿ ಬಾಗಿಲು ತೆರೆಯಿತು. ಹೇ ಉತ್ಸವದ ಗುಡಾರದಲ್ಲಿ ಎಂದೂ ಕೂರಲಾರದ ರಾಯಚೂರಿನ ಉಪನ್ಯಾಸಕನೊಬ್ಬ ಅಲ್ಲಿನ ಮಾತನ್ನು ಅದೇ ಗಳಿಗೆಯಲ್ಲಿ ಕೇಳಬಹುದಾಯಿತೆಂಬುದು ಸಣ್ಣ ಸಂಗತಿಯಲ್ಲ. ಜೀವಭಯದಲ್ಲಿರುವ ಲೇಖಕರ ವಿಷಯದಲ್ಲಂತೂ ತೆರೆಯೇ ರಕ್ಷೆ. 2022ರ ಆಗಸ್ಟ್ 12ರಂದು ನ್ಯೂಯಾರ್ಕ್ ರಾಜ್ಯದ ಷಟಾಕ್ವಾ ಸಂಸ್ಥೆಯ ವೇದಿಕೆಯ ಮೇಲೆ, ಉಪನ್ಯಾಸ ಆರಂಭವಾಗುವ ಹೊತ್ತಿಗೆ, ರಶ್ದಿಯವರ ಮೇಲೆ ನಡೆದ ಹಲ್ಲೆಯಲ್ಲಿ ಅವರು ಒಂದು ಕಣ್ಣನ್ನು ಕಳೆದುಕೊಂಡರು. ಜೈಪುರದ ತೆರೆಯನ್ನು ಅಂದು ಆರಿಸಿದವರು ಈ ಘಟನೆಯನ್ನು ತಮ್ಮ ಸಮರ್ಥನೆಗೆ ಬಳಸಿಕೊಳ್ಳಲಾರರು. ತೆರೆಯ ಮೇಲಿನ ಮುಖಕ್ಕೆ ಚೂರಿ ತಾಗುವುದಿಲ್ಲ. ಇನ್ನೂ ಒಂದು ವಿವರ ಗಮನಾರ್ಹ. ಷಟಾಕ್ವಾದಲ್ಲಿ ವೇದಿಕೆಗೆ ಧಾವಿಸಿ ಹಲ್ಲೆಕೋರನನ್ನು ಹಿಡಿದು ಕೆಡವಿದವರಲ್ಲಿ ಮಾತು ಕೇಳಲು ಬಂದ ಸಾಮಾನ್ಯ ಸಭಿಕರಿದ್ದರು. ಸಭೆಯೆಂಬುದು ಅಪಾಯವನ್ನೂ ತರುತ್ತದೆ, ಆಸರೆಯನ್ನೂ ತರುತ್ತದೆ.

ಕನ್ನಡದ ಸಂದರ್ಭದಲ್ಲಿ ಈ ಪ್ರಶ್ನೆಗೆ ಬೇರೆಯೇ ಒಂದು ತೂಕವಿದೆ. ಇಲ್ಲಿ ಉತ್ಸವಕ್ಕಿಂತ ಬಹಳ ಹಳೆಯದಾದ ಸಂಸ್ಥೆ ಸಮ್ಮೇಳನ. 1915ರಲ್ಲಿ ಎಚ್.ವಿ. ನಂಜುಂಡಯ್ಯನವರ ಅಧ್ಯಕ್ಷತೆಯಲ್ಲಿ ಬೆಂಗಳೂರಿನಲ್ಲಿ ಮೊದಲ್ಗೊಂಡ ಸಾಹಿತ್ಯ ಸಮ್ಮೇಳನದ 85ನೆಯ ಅಧಿವೇಶನ 2020ರ ಫೆಬ್ರುವರಿ 5ರಿಂದ 7ರವರೆಗೆ ಕಲಬುರಗಿಯಲ್ಲಿ, ಎಚ್.ಎಸ್. ವೆಂಕಟೇಶಮೂರ್ತಿಯವರ ಅಧ್ಯಕ್ಷತೆಯಲ್ಲಿ ನಡೆಯಿತು. ಕೆಲವೇ ವಾರಗಳಲ್ಲಿ ದೇಶಕ್ಕೆ ಬೀಗ ಬಿದ್ದಿತು. 86ನೆಯದು ಹಾವೇರಿಯಲ್ಲಿ 2021ರಲ್ಲಿ ನಡೆಯಬೇಕಾಗಿದ್ದು, ಮುಂದೆ ಹೋಗುತ್ತ ಹೋಗುತ್ತ 2023ರ ಜನವರಿ 6ರಿಂದ 8ರವರೆಗೆ ದೊಡ್ಡರಂಗೇಗೌಡರ ಅಧ್ಯಕ್ಷತೆಯಲ್ಲಿ ಜರುಗಿತು. ಬೆಂಗಳೂರು ಸಾಹಿತ್ಯೋತ್ಸವ 2020ರ ಡಿಸೆಂಬರಿನಲ್ಲಿ ಸ್ಥಳದಲ್ಲಿ ಕೆಲವರನ್ನೂ ತೆರೆಯ ಮೇಲೆ ಉಳಿದವರನ್ನೂ ಕೂಡಿಸಿ ನಡೆದುಹೋಯಿತು. ಸಮ್ಮೇಳನ ಮಾತ್ರ ಹತ್ತಿರ ಹತ್ತಿರ ಮೂರು ವರ್ಷ ಕಾದು ಕುಳಿತಿತು. ಇದನ್ನು ಸಂಸ್ಥೆಯ ಜಡತೆಯೆಂದು ಹೇಳುವವರಿಗೆ ಅರ್ಧ ಸತ್ಯ ದಕ್ಕಿದೆ. ಉಳಿದರ್ಧ ಸಮ್ಮೇಳನದ ರಚನೆಯಲ್ಲಿದೆ. ಅಧ್ಯಕ್ಷರ ಮೆರವಣಿಗೆ, ಪುಸ್ತಕ ಮಳಿಗೆ, ಊಟದ ಸಾಲು ಇವುಗಳ ಮಾತು ಹಾಗಿರಲಿ. ಬಹಿರಂಗ ಅಧಿವೇಶನದಲ್ಲಿ ನಾಡಿನ ಹೆಸರಿನಲ್ಲಿ ನಿರ್ಣಯ ಅಂಗೀಕರಿಸುವ ಸಂಸ್ಥೆಯಿದು. ಆ ನಿರ್ಣಯಗಳಲ್ಲಿ ಎಷ್ಟು ಜಾರಿಯಾದವೆಂಬುದು ಬೇರೆ, ಕಹಿಯಾದ ಮಾತು. ಆದರೆ ನಿರ್ಣಯಕ್ಕೆ ನೆರೆದ ಸಭೆ ಬೇಕು. ವೀಕ್ಷಕರು ನಿರ್ಣಯ ಕೈಗೊಳ್ಳಲಾರರು.

ಗೋಷ್ಠಿಯೊಂದರ ಜಾಗ ಕಿರಿದೆಂಬುದೂ ಇಲ್ಲಿ ಮುಖ್ಯ. 1979ರ ಧರ್ಮಸ್ಥಳದ ಸಮ್ಮೇಳನದಲ್ಲಿ ದಲಿತ ಸಾಹಿತ್ಯಕ್ಕೆ ಪ್ರತ್ಯೇಕ ಗೋಷ್ಠಿ ಬೇಕೆಂಬ ಬೇಡಿಕೆಗೆ ಮನ್ನಣೆ ಸಿಗಲಿಲ್ಲ. ಅದರ ಪ್ರತಿಕ್ರಿಯೆಯಾಗಿ ಅದೇ ವರ್ಷದ ಮಾರ್ಚ್ 10 ಮತ್ತು 11ರಂದು ಬೆಂಗಳೂರಿನಲ್ಲಿ ಬಂಡಾಯ ಸಾಹಿತ್ಯ ಸಮ್ಮೇಳನ ಸೇರಿತು. ಕನ್ನಡ ಸಾಹಿತ್ಯದ ಒಂದು ಪ್ರಮುಖ ಚಳವಳಿ ಹುಟ್ಟಿದ್ದು ನಡೆದ ಗೋಷ್ಠಿಯಿಂದಲ್ಲ, ನಡೆಯದ ಗೋಷ್ಠಿಯಿಂದ. ನಾಲ್ಕು ದಶಕಗಳ ಮೇಲೆ, ಹಾವೇರಿಯ ಸಮ್ಮೇಳನದಲ್ಲಿ ಮುಸ್ಲಿಂ ಲೇಖಕರಿಗೆ ತಕ್ಕ ಪ್ರಾತಿನಿಧ್ಯ ದೊರೆತಿಲ್ಲವೆಂದು ಆಕ್ಷೇಪಿಸಿದವರು 2023ರ ಜನವರಿ 8ರಂದು ಬೆಂಗಳೂರಿನಲ್ಲಿ ಜನಸಾಹಿತ್ಯ ಸಮ್ಮೇಳನವನ್ನು ಸೇರಿಸಿದರು. ಅಷ್ಟು ಹೊತ್ತಿಗೆ ಅಂತರ್ಜಾಲದಲ್ಲಿ ಗೋಷ್ಠಿ ನಡೆಸುವುದು ಎಲ್ಲರಿಗೂ ಕರಗತವಾಗಿತ್ತು, ಖರ್ಚೂ ಕಡಿಮೆ. ಆದರೂ ಅವರು ಹುಡುಕಿದ್ದು ಒಂದು ಸಭಾಂಗಣವನ್ನು. ತೆರೆಯ ಮೇಲೆ ಜಾಗಕ್ಕೆ ಬರವಿಲ್ಲ. ಯಾರು ಬೇಕಾದರೂ ತಮ್ಮ ಗೋಷ್ಠಿಯನ್ನು ತಾವೇ ನಡೆಸಿಕೊಳ್ಳಬಹುದು. ಆ ಕಾರಣದಿಂದಲೇ ಅಲ್ಲಿ ಹೊರಗಿಡುವುದು ಕಣ್ಣಿಗೆ ಬೀಳುವುದಿಲ್ಲ, ಒಳಗೊಳ್ಳುವುದಕ್ಕೆ ಬೆಲೆಯಿರುವುದಿಲ್ಲ. ಜಾಗ ಕಿರಿದಾಗಿದ್ದಾಗ ಮಾತ್ರ ಯಾರಿಗೆ ಜಾಗವೆಂಬುದು ನ್ಯಾಯದ ಪ್ರಶ್ನೆಯಾಗುತ್ತದೆ. ಪ್ರಜಾಸತ್ತಾತ್ಮಕ ಮಾಧ್ಯಮವೆಂದು ಅಂತರ್ಜಾಲವನ್ನು ಹೊಗಳುವ ಬರಹಗಳು ಈ ತೊಡಕನ್ನು ಎದುರಿಸಿದಂತಿಲ್ಲ.

ಸಭೆಯಿಲ್ಲದ ಮಾತು ಕನ್ನಡಕ್ಕೆ ಹೊಸದೇನೂ ಅಲ್ಲ ಎಂಬ ಆಕ್ಷೇಪ ಇಲ್ಲಿ ಏಳಬಹುದು; ಏಳಬೇಕು ಕೂಡ. 1935ರ ಸೆಪ್ಟೆಂಬರಿನಲ್ಲಿ ಎಂ.ವಿ. ಗೋಪಾಲಸ್ವಾಮಿಯವರು ಮೈಸೂರಿನಲ್ಲಿ ಬಾನುಲಿ ಕೇಂದ್ರವನ್ನು ತೆರೆದಂದಿನಿಂದ ಕನ್ನಡ ಲೇಖಕ ಕಾಣದ ಕೇಳುಗನೊಡನೆ ಮಾತನಾಡುತ್ತ ಬಂದಿದ್ದಾನೆ. ಆದರೆ ಬಾನುಲಿಯ ಭಾಷಣ ಸಭೆಯ ಭಾಷಣವನ್ನು ಅನುಕರಿಸಲು ಹೋಗಲಿಲ್ಲ. ಗೊತ್ತಾದ ನಿಮಿಷಗಳ ಮಿತಿ, ಮೊದಲೇ ಬರೆದ ಪಾಠ, ಮನೆಯಲ್ಲಿ ಒಂಟಿಯಾಗಿ ಕುಳಿತ ಕೇಳುಗ, ಈ ಮೂರನ್ನೂ ಒಪ್ಪಿಕೊಂಡು ಅದು ತನ್ನದೇ ಒಂದು ಆಪ್ತ ಗದ್ಯವನ್ನು ರೂಪಿಸಿಕೊಂಡಿತು. ಕನ್ನಡದ ಎಷ್ಟೋ ಲಲಿತ ಪ್ರಬಂಧಗಳು, ವಿಚಾರ ಪ್ರಬಂಧಗಳು ಮೊದಲು ಬಾನುಲಿಗಾಗಿ ಬರೆದವು. ಅಂತರ್ಜಾಲದ ಗೋಷ್ಠಿ ಇಂಥ ಒಪ್ಪಿಗೆಯನ್ನು ಇನ್ನೂ ಮಾಡಿಕೊಂಡಿಲ್ಲ. ಸ್ವಾಗತ, ಪರಿಚಯ, ನಿರ್ವಾಹಕರ ಪೀಠಿಕೆ, ವಂದನಾರ್ಪಣೆಗಳೊಡನೆ ಸಭಾಂಗಣದ ಇಡೀ ವಿಧಿಯನ್ನು ಸಭೆಯಿಲ್ಲದ ಜಾಗಕ್ಕೆ ಹೊತ್ತು ತಂದಿದೆ. ಒಬ್ಬನೇ ಲೇಖಕ ಒಂದು ವಿಷಯವನ್ನು ಹಿಡಿದು ಮಾಡಿದ ಉಪನ್ಯಾಸಗಳು ನಾಲ್ವರ ಸಂವಾದಗಳಿಗಿಂತ ತೆರೆಯ ಮೇಲೆ ಹೆಚ್ಚು ಕೇಳುವಂತಿರುವುದು ಆಕಸ್ಮಿಕವಲ್ಲ. ಉಪನ್ಯಾಸ ಬಾನುಲಿಯ ಬಂಧು, ಸಂವಾದ ಸಭೆಯ ಕೂಸು.

ಇನ್ನು ಗ್ರಂಥಾಲಯಗಳ ವಿಚಾರ. ಭಾರತದಲ್ಲಿ 1954ರ ಪುಸ್ತಕಗಳ ಸಲ್ಲಿಕೆ ಕಾಯಿದೆ ಮುದ್ರಿತ ಪುಸ್ತಕಗಳನ್ನು, 1956ರ ತಿದ್ದುಪಡಿ ವೃತ್ತಪತ್ರಿಕೆಗಳನ್ನು ನಿಗದಿತ ಗ್ರಂಥಾಲಯಗಳಿಗೆ ಸಲ್ಲಿಸಲು ವಿಧಿಸುತ್ತವೆ. ಧ್ವನಿಚಿತ್ರ ಇವುಗಳ ವ್ಯಾಪ್ತಿಗೆ ಬರುವುದಿಲ್ಲ. ಬ್ರಿಟನ್ನಿನಲ್ಲಿ 2013ರ ನಿಯಮಾವಳಿ ಅಂತರ್ಜಾಲದ ಪ್ರಕಟಣೆಗಳನ್ನು ಸಲ್ಲಿಕೆಯ ಚೌಕಟ್ಟಿಗೆ ತಂದಿತಾದರೂ ಕೇವಲ ಚಲನಚಿತ್ರ ಅಥವಾ ಧ್ವನಿಮುದ್ರಣದ ರೂಪದಲ್ಲಿರುವ ಕೃತಿಗಳನ್ನು ಹೊರಗಿಟ್ಟಿತು. ಹೀಗಾಗಿ ಹೇ, ಎಡಿನ್‌ಬರೋ, ಜೈಪುರ ಮೂರೂ ಉತ್ಸವಗಳ ತೆರೆಯ ಮಾತು ಸಾರ್ವಜನಿಕ ಕಾಯಿದೆಯ ರಕ್ಷಣೆಯಿಲ್ಲದೆ, ಸಂಘಟಕರ ಇಚ್ಛೆ ಮತ್ತು ಖಾಸಗಿ ಕಂಪನಿಗಳ ಶರತ್ತುಗಳ ಮೇಲೆ ನಿಂತಿದೆ. ಮೈಸೂರಿನದೋ ಧಾರವಾಡದ್ದೋ ವಿಶ್ವವಿದ್ಯಾಲಯದ ಗ್ರಂಥಾಲಯವೊಂದು ಕನ್ನಡ ಗೋಷ್ಠಿಗಳನ್ನಾದರೂ ಸಂಗ್ರಹಿಸಲು ಹೊರಟರೆ ಅದು ಮೊದಲು ಎದುರಿಸಬೇಕಾದುದು ಸೂಚೀಕರಣದ ಸಮಸ್ಯೆ. ಮಾತು ನಡೆದ ದಿನ ಬೇರೆ, ದಾಖಲೆ ಪ್ರಕಟವಾದ ದಿನ ಬೇರೆ ಇರಬಹುದು. ನೇರ ಪ್ರಸಾರವೋ ಮೊದಲೇ ಮುದ್ರಿಸಿಟ್ಟದ್ದೋ, ಕತ್ತರಿಸಲಾಗಿದೆಯೋ, ಕತ್ತರಿಸಿದ್ದರೆ ಯಾರು ಕತ್ತರಿಸಿದರು ಎಂಬುದನ್ನು ದಾಖಲೆ ತಾನಾಗಿ ಹೇಳುವುದಿಲ್ಲ. ಶೀರ್ಷಿಕೆಯನ್ನು ಆಮೇಲೆ ಬದಲಿಸಲು ಅಡ್ಡಿಯಿಲ್ಲ. ಹಸ್ತಪ್ರತಿಶಾಸ್ತ್ರದಲ್ಲಿ ಪಳಗಿದ ಕನ್ನಡ ವಿದ್ವತ್ತಿಗೆ ಇವು ಹೊಸ ಪ್ರಶ್ನೆಗಳಾಗಬೇಕಿಲ್ಲ. ಹನ್ನೆರಡನೆಯ ಶತಮಾನದ ಶರಣರ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ ಸಂವಾದವಾಗಿ ಜೋಡಿಸಿದ ಶೂನ್ಯಸಂಪಾದನೆ ನಮ್ಮ ಕಣ್ಣ ಮುಂದಿದೆ. ಸಂಪಾದನೆಯೆಂಬ ಪದ ಪಡೆಯುವುದನ್ನೂ ಪರಿಷ್ಕರಿಸುವುದನ್ನೂ ಒಟ್ಟಿಗೆ ಸೂಚಿಸುತ್ತದೆ. ನಾಲ್ಕು ಶೂನ್ಯಸಂಪಾದನೆಗಳ ಪಾಠಭೇದವನ್ನು ತೂಗಿ ನೋಡಿದ ಶಿಸ್ತು ಒಂದೇ ಗೋಷ್ಠಿಯ ಪೂರ್ಣ ಪ್ರತಿಗೂ ಐದು ನಿಮಿಷದ ತುಣುಕಿಗೂ ಇರುವ ಭೇದವನ್ನು ವಿವೇಚಿಸಲು ಧಾರಾಳವಾಗಿ ಸಾಕು.

ಹೆಚ್ಚು ತುರ್ತಿನದು ಕೇಳುಗರ ಬರಹ. ನೇರ ಪ್ರಸಾರದ ಹೊತ್ತಿನಲ್ಲಿ ತೆರೆಯ ಬದಿಯಲ್ಲಿ ಸಾಲುಸಾಲಾಗಿ ಹರಿದುಹೋದ ಪ್ರಶ್ನೆಗಳು, ಮೆಚ್ಚುಗೆಗಳು, ತಕರಾರುಗಳು ಅಂತರ್ಜಾಲ ಗೋಷ್ಠಿಯ ಏಕೈಕ ಸಭಾಸಾಕ್ಷ್ಯ. ಗೋಷ್ಠಿಯ ಧ್ವನಿಚಿತ್ರವನ್ನು ಉಳಿಸುವವರು ಈ ಬದಿಯ ಬರಹವನ್ನು ಜೊತೆಯಲ್ಲಿ ಉಳಿಸುತ್ತಾರೆಂಬ ಖಾತರಿಯಿಲ್ಲ. ನಿರ್ವಾಹಕರು ಓದದೆ ಬಿಟ್ಟ ಪ್ರಶ್ನೆಗಳಂತೂ ಸಂಘಟಕರ ಕಡತಗಳಲ್ಲಲ್ಲದೆ ಬೇರೆಲ್ಲಿಯೂ ಸಿಗಲಾರವು. 1962ರ ಎಡಿನ್‌ಬರೋ ಸಭೆಯಲ್ಲಿ ಯಾರು ಯಾರಿಗೆ ಏನೆಂದರೆಂಬುದನ್ನು ಐವತ್ತು ವರ್ಷಗಳ ಮೇಲೆ ಇಬ್ಬರು ವಿದ್ವಾಂಸರು ಓದಿ ಸಂಪಾದಿಸುವುದು ಸಾಧ್ಯವಾದುದು ಅಂದು ಯಾರೋ ಕುಳಿತು ಆ ಮಾತುಗಳನ್ನು ಅಕ್ಷರಕ್ಕಿಳಿಸಿದ್ದರಿಂದ. 2020 ಮತ್ತು 2021ರ ಕನ್ನಡ ಗೋಷ್ಠಿಗಳನ್ನು ನಡೆಸಿದ ಅಕಾಡೆಮಿಗಳು, ಕಾಲೇಜುಗಳು, ಸಾಹಿತ್ಯ ಸಂಘಗಳು ತಮ್ಮಲ್ಲಿ ಉಳಿದ ಪ್ರಶ್ನೆಗಳ ಪಟ್ಟಿಗಳನ್ನು, ಅವು ಎಷ್ಟೇ ಅಸ್ತವ್ಯಸ್ತವಾಗಿದ್ದರೂ, ಮುದ್ರಿಸಿ ಗ್ರಂಥಾಲಯಗಳಿಗೆ ಒಪ್ಪಿಸುವುದು ಈಗಲೂ ಸಾಧ್ಯವಿರುವ ಕೆಲಸ.